ಎಂಟನೇ ಕೈಯ ರಕ್ತ

“ಕಳುವು ಮಾಡೀದಿ ನೀ! ಬಾಯಿ ಬಿಟ್ಟು ಹೇಳು, ಯಾವಾಗ ಒಯ್ದಿ? ಯಾವ ಸೀಸೆಯಿಂದ ತಗದಿ?”

“ಬಾಯಾರ, ನಾಲಿಗಿ ಹಿಡಿದು ಮಾತಾಡ್ರಿ. ಇಪ್ಪತ್ತೆರಡು ವರ್ಷ ಆತು ಈ ಗೋಡಿ ಒಳಗ ದುಡಿಯಾಕತ್ತು. ಹತ್ತಿ ಎಳಿ ಸೈತ ಮನಿಗೆ ಒಯ್ದಂವ ಅಲ್ಲ ನಾ.”

“ಹಂಗಾದ್ರ ಇದೇನು? ಬಾ, ಕಣ್ಣಿಟ್ಟು ನೋಡು!”

ಡಾ. ತಸ್ನೀಮ್ ಮುಲ್ಲಾ ಸೂಕ್ಷ್ಮದರ್ಶಕದ ಮುಂದಿದ್ದ ಕುರ್ಚಿಯನ್ನು ಕಾಲಿನಿಂದಲೇ ಆಚೆಗೆ ತಳ್ಳಿದರು. ಯಲಗೂರದಪ್ಪ ಬಗ್ಗಿ ನೋಡಿದ. ಕಪ್ಪು ಬಯಲಿನಲ್ಲಿ ನಾಲ್ಕೈದು ಹಸಿರು ಚುಕ್ಕೆಗಳು ಮಿಣುಕು ಹುಳುಗಳಂತೆ ಹೊಳೆಯುತ್ತಿದ್ದವು. ಓದಿದ್ದು ಹಳ್ಳಿಯ ಶಾಲೆಯಲ್ಲಿ ಏಳನೇ ಇಯತ್ತೆಯಾದರೂ ಆ ಹಸಿರು ಏನೆಂದು ಅವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಈ ಭೂಮಿಯ ಮೇಲೆ ಆ ಬಣ್ಣ ಬೆಳಗುವ ನಾಯಿರಕ್ತ ಇರಬೇಕಾದದ್ದು ಒಂದೇ ಕಡೆ: ಘಟಪ್ರಭೆಯ ದಂಡೆಯ ಈ ಶ್ವಾನರೋಗ ಸಂಶೋಧನಾ ಕೇಂದ್ರದ, ಎರಡು ಬಾಗಿಲು ದಾಟಿ ಹೋಗಬೇಕಾದ ಒಳಗಿನ ಕೋಣೆಯಲ್ಲಿ. ಇದು ಅಲ್ಲಿಯ ರಕ್ತ ಅಲ್ಲ. ಅವನ ಮನೆಯ ಮರಿ ಚಿಮಣಿಯ ರಕ್ತ. ಎರಡು ದಿನದಿಂದ ಮರಿ ತಿನ್ನಲೊಲ್ಲದು ಎಂದು ಬೆಳಿಗ್ಗೆ ತಾನೇ ಕೈಯಾರೆ ತೆಗೆದು ತಂದುಕೊಟ್ಟಿದ್ದ.

ಕಳ್ಳ ಎಂದದ್ದಕ್ಕಿಂತ ಅವನಿಗೆ ಹೆಚ್ಚು ನೆಟ್ಟದ್ದು ಆ ‘ನೀ’. ಹನ್ನೊಂದು ವರ್ಷದಲ್ಲಿ ಬಾಯಿಯವರು ಅವನನ್ನು ಒಮ್ಮೆಯೂ ಏಕವಚನದಲ್ಲಿ ಕರೆದಿರಲಿಲ್ಲ.

“ಉಣ್ಣಿ ಸಾಕೋ ಕೆಲಸ ನಂದು,” ಅಂದ. “ಆರು ಸಾವಿರ ಉಣ್ಣಿಗೋಳನ್ನ ಮೊಲದ ರಕ್ತಾ ಕುಡಿಸಿ ಬೆಳಸ್ತೀನಿ. ಒಂದು ತಪ್ಪಿಸಿಕೊಂಡ್ರ ಊಟ ಬಿಟ್ಟು ಹುಡುಕ್ತೀನಿ. ಅಂಥಾವ ಕಳ್ಳ ಆದ್ನಾ? ಚಲೋ ಆತ್ರಿ, ಭಾಳ ಚಲೋ ಆತು.”

ಅವನ ಮಾತಿನಲ್ಲಿ ಸುಳ್ಳಿರಲಿಲ್ಲ. ಉಣ್ಣಿಯ ಕೋಣೆ ಅವನ ರಾಜ್ಯ. ಮೇಜುಗಳ ಕಾಲುಗಳು ನೀರಿನ ತಟ್ಟೆಯಲ್ಲಿ ನಿಂತಿರುತ್ತಿದ್ದವು. ಗಾಜಿನ ನಳಿಗೆಗಳ ಬಾಯಿಗೆ ಬಟ್ಟೆ ಬಿಗಿದಿರುತ್ತಿತ್ತು. ಮೈಮೇಲೆ ಹರಿದರೆ ಕಾಣಲಿ ಎಂದು ತಲೆಯಿಂದ ಕಾಲಿನ ತನಕ ಬಿಳಿ ಬಟ್ಟೆ ತೊಟ್ಟು, ಮಣಿಕಟ್ಟಿಗೆ ಅಂಟುಪಟ್ಟಿ ಸುತ್ತಿಕೊಂಡು ಅವನು ಒಳಗೆ ಹೋಗುತ್ತಿದ್ದ. ಆ ಉಣ್ಣಿಗಳ ಹೊಟ್ಟೆಯಲ್ಲೇ ತಸ್ನೀಮರ ಶತ್ರು ಬೆಳೆಯುತ್ತಿತ್ತು.

ಆ ಶತ್ರುವಿನ ಕಥೆ ಹೀಗೆ. ಉಣ್ಣಿ ನಾಯಿಗೆ ಕಚ್ಚಿದಾಗ ಅದರ ಜೊಲ್ಲಿನೊಂದಿಗೆ ಕಣ್ಣಿಗೆ ಕಾಣದ ಒಂದು ಜೀವಿ ರಕ್ತಕ್ಕೆ ಇಳಿಯುತ್ತದೆ. ಕೆಂಪು ಕಣದೊಳಗೆ ನುಗ್ಗಿ, ಒಂದಿದ್ದದ್ದು ಎರಡಾಗಿ, ಕಣವನ್ನು ಒಡೆದು ಹೊರಬಂದು, ಎರಡೂ ಬೇರೆ ಕಣಗಳಿಗೆ ನುಗ್ಗುತ್ತವೆ. ಎರಡು ನಾಲ್ಕು, ನಾಲ್ಕು ಎಂಟು. ಹತ್ತು ದಿನದಲ್ಲಿ ನಾಯಿಯ ಒಸಡು ಸುಣ್ಣ ಬಳಿದಂತೆ ಬೆಳ್ಳಗಾಗುತ್ತದೆ, ಉಚ್ಚೆ ಕಷಾಯದ ಬಣ್ಣಕ್ಕೆ ತಿರುಗುತ್ತದೆ. ಕುರಿಗಾರರು ಇದಕ್ಕೆ ಕೆಂಪುಚ್ಚಿ ಬ್ಯಾನಿ ಅನ್ನುತ್ತಾರೆ. ಬಯಲಿನಲ್ಲಿ ತೋಳಕ್ಕೆ ಎದೆ ಕೊಡುವ ನಾಯಿ, ಎಳ್ಳುಕಾಳಿನಷ್ಟಿರುವ ಹುಳದಿಂದ ಮಲಗಿದಲ್ಲೇ ಸಾಯುತ್ತದೆ. ನಾಯಿ ಸತ್ತ ಹಟ್ಟಿಗೆ ತೋಳ ದಾರಿ ಕೇಳಿಕೊಂಡು ಬರಬೇಕಾಗಿಲ್ಲ.

ತಸ್ನೀಮ್ ಆ ಜೀವಿಯನ್ನು ಕೊಲ್ಲಲು ಹೋಗಲಿಲ್ಲ. ಅದನ್ನು ಪಳಗಿಸಲು ಹೊರಟರು. ಅದರ ವಂಶವಾಹಿಗಳಲ್ಲಿ ಎರಡನ್ನು ಕತ್ತರಿಸಿ ತೆಗೆದರು. ಒಂದು ಅದರ ಹೊಟ್ಟೆಬಾಕತನದ್ದು; ಅದು ಹೋದ ಮೇಲೆ ಜೀವಿ ನಿಧಾನವಾಗಿ ಬೆಳೆಯತೊಡಗಿತು. ಇನ್ನೊಂದು ಉಣ್ಣಿಯ ಹೊಟ್ಟೆಯಲ್ಲಿ ಬದುಕುವ ಉಪಾಯದ್ದು. ಅದು ಹೋದ ಮೇಲೆ ಯಾವ ಉಣ್ಣಿಯೂ ಅದನ್ನು ಇನ್ನೊಂದು ನಾಯಿಗೆ ಒಯ್ಯಲಾರದಾಯಿತು. ಗುರುತಿಗೆ ಇರಲೆಂದು ಹಸಿರು ಬೆಳಗುವ ಒಂದು ವಂಶವಾಹಿಯನ್ನು ಸೇರಿಸಿದರು. ಊರಲ್ಲಿ ಒಬ್ಬ ಚಿಲ್ಲರೆ ಕಳ್ಳ ಇದ್ದರೆ ತಳವಾರ ನಿದ್ದೆ ಮಾಡುವುದಿಲ್ಲ. ದೊಡ್ಡ ದರೋಡೆಕೋರ ಬಂದಾಗ ಎಚ್ಚರವಾಗಿಯೇ ಇರುತ್ತಾನೆ. ಪಳಗಿದ ಜೀವಿ ನಾಯಿಯ ರಕ್ತದಲ್ಲಿ ಆ ಚಿಲ್ಲರೆ ಕಳ್ಳನಂತೆ ಇದ್ದು ಮೈಯ ಕಾವಲನ್ನು ಎಚ್ಚರವಾಗಿಡುತ್ತಿತ್ತು. ಯಲಗೂರದಪ್ಪನಿಗೆ ಈ ಯೋಚನೆ ಮೊದಲ ಸಲ ಕೇಳಿದ ದಿನ ಮೈ ಜುಮ್ಮೆಂದಿತ್ತು. ಇಂಥ ತಲೆಯ ಹೆಣ್ಣುಮಗಳ ಕೈಕೆಳಗೆ ದುಡಿಯುವುದೇ ಒಂದು ಭಾಗ್ಯ ಎಂದು ಅವನು ಹೆಂಡತಿಗೆ ಹೇಳಿ ಬೈಸಿಕೊಂಡಿದ್ದ.

ಈಗ ಆ ತಲೆ ಅವನ ಎದುರಿಗೆ ಉರಿಯುತ್ತಿತ್ತು.

“ಮರಿ ಎಲ್ಲಿಂದ ಬಂತು?”

“ನಮ್ಮಕ್ಕನ ಹಟ್ಟಿಯಿಂದ. ಮಾಳವ್ವ. ನಿಮಗ ಬಾಳ್ಯಾನ್ನ ಕೊಟ್ಟಾಕಿ.”

ತಸ್ನೀಮರ ಮುಖದ ಸಿಟ್ಟು ಅಲ್ಲೇ ನಿಂತುಹೋಯಿತು. ಬಾಳ್ಯಾ ಪ್ರಯೋಗದ ನಾಲ್ಕು ನಾಯಿಗಳಲ್ಲಿ ಒಂದು. ಎರಡು ವರ್ಷ ಬಲೆಯ ಕೋಣೆಯಲ್ಲಿಟ್ಟು, ಕೊನೆಗೆ ಔಷಧ ಕೊಟ್ಟು ರಕ್ತ ಶುದ್ಧಮಾಡಿ, ಒಡತಿಗೆ ತಿರುಗಿ ಕೊಟ್ಟು ಒಂದು ವರ್ಷವಾಗಿತ್ತು. ಆರು ಸಲ ರಕ್ತ ನೋಡಿದ್ದರು. ಆರು ಸಲವೂ ಒಂದೇ ಒಂದು ಹಸಿರು ಚುಕ್ಕೆ ಕಂಡಿರಲಿಲ್ಲ. ‘ಈ ನಾಯಿ ಶುದ್ಧ’ ಎಂಬ ಕಾಗದಕ್ಕೆ ರುಜು ಹಾಕಿದವರು ಅವರೇ.

“ಹೊಟ್ಟಿಯೊಳಗಿನ ಗುಲ್ಮದಾಗ ಅಡಗಿ ಕುಂತಿದ್ವು,” ಎಂದು ತಮಗೆ ತಾವೇ ಹೇಳಿಕೊಂಡರು. “ರಕ್ತದಾಗ ಹುಡುಕಿದ್ವಿ ನಾವು. ಅವು ಗುಲ್ಮದಾಗ...” ಮತ್ತೆ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ತಲೆಯೆತ್ತಿ, “ಆದ್ರ ಉಣ್ಣಿ ಒಯ್ಯೂದಿಲ್ಲ. ಬಾಳ್ಯಾನಿಂದ ಮರಿಗೆ ಹೆಂಗ ಹೋತ್ರಿ, ಯಲಗೂರದಪ್ಪ?”

‘ರೀ’ ತಿರುಗಿ ಬಂದಿತ್ತು. ಅವನಿಗೆ ಉತ್ತರ ಬಾಯಿಗೆ ಬಂದು ನಿಂತಿತು. ಹೇಳಿದರೆ ಅಕ್ಕನ ಕುತ್ತಿಗೆಗೆ ಬರುತ್ತದೆ, ಹೇಳದಿದ್ದರೆ ತನ್ನ ಕುತ್ತಿಗೆಗೆ.

“ಕಿವಿ ಕೊಯ್ತೀವಲ್ರಿ,” ಅಂದ.

*

ಮನೆಗೆ ಹೋದಾಗ ಹೆಂಡತಿ ಲಗಮವ್ವ ಅಂಗಳದಲ್ಲಿ ಕೈಯಲ್ಲೊಂದು ಕಡ್ಡಿ ಹಿಡಿದು ಗೆದ್ದವಳಂತೆ ನಿಂತಿದ್ದಳು.

“ಸಿಕ್ತು ನೋಡ್ರಿ ನಿಮ್ಮ ರೋಗ! ಚಿಮಣಿ ನಿಮ್ಮ ಹೊಸಾ ಚಪ್ಪಲಿ ಉಂಗುಷ್ಟದ ಪಟ್ಟಿ ನುಂಗಿತ್ತು. ಈಗ ಹಿಂದಿನ ಬಾಗಲಿಂದ ಹೊರಗ ಬಂತು. ಆಗಲೇ ಎರಡು ರೊಟ್ಟಿ ತಿಂದು ಕುಂತೈತಿ.”

ಚಿಮಣಿ ಮೊಂಡು ಕಿವಿಗಳನ್ನು ಅಲ್ಲಾಡಿಸುತ್ತ ಬಂದು ಅವನ ಕಾಲು ನೆಕ್ಕಿತು. ಯಲಗೂರದಪ್ಪ ಕಟ್ಟೆಯ ಮೇಲೆ ಕುಸಿದ. ಒಂದು ಚಪ್ಪಲಿಯ ಚರ್ಮದ ತುಂಡಿಗಾಗಿ ತಾನು ರಕ್ತ ಒಯ್ದು ಎಷ್ಟು ದೊಡ್ಡ ಹುತ್ತಕ್ಕೆ ಕೈಹಾಕಿದ್ದ!

“ಬಾಯಾರು ಮ್ಯಾಲಿನವರಿಗೆ ಬರದಾರ,” ಅಂದ. “ಒಳಗಿನ ಜೀವಿ ಹೊರಗ ಹೋತಂದ್ರ ಒಂದು ದಿನದಾಗ ತಿಳಸಬೇಕಂತ ಕಾನೂನೈತಿ. ಮುಚ್ಚಿಡ್ರಿ ಅಂದ್ನಿ. ‘ನಂದ ತಪ್ಪು, ನಾನ ಬರೀತೀನಿ’ ಅಂದ್ರು. ಬರದ್ರು. ಸಂಜಿಗೇ ಉತ್ತರ ಬಂತು.”

“ಏನಂತ?”

“ಅದು ಇರೋ ಎಲ್ಲಾ ನಾಯಿಗೋಳ ಪಟ್ಟಿ ಮಾಡ್ರಿ. ಇಪ್ಪತ್ತೊಂದು ದಿನಕ್ಕ ಸಮಿತಿ ಬರತೈತಿ. ಔಷಧದಿಂದ ಹೋಗೂದಿಲ್ಲಂತ ಬಾಳ್ಯಾನ ತೋರಿಸ್ಯಾನ. ಹಂಗಾಗಿ ಎಲ್ಲಾವನ್ನೂ ಸೂಜಿ ಹಾಕಿ ಮಲಗಿಸಬೇಕು.”

ಲಗಮವ್ವ ಕಡ್ಡಿ ಬಿಸುಟು ಮರಿಯನ್ನು ಎತ್ತಿಕೊಂಡಳು. “ಇದನ್ನೂ?”

ಅವನು ಕೈ ಚಾಚಿ ಮರಿಯ ಮೊಂಡು ಕಿವಿ ಸವರಿದ.

“ಜಡ್ಡು ಬಿದ್ದಿದ್ರ ಸಾಯಿಸ್ಲಿ, ಒಪ್ಪೋಣು. ಸಾಯಲಿಲ್ಲಂತ ಸಾಯಸ್ತಾರೇನು? ಯಾವ ಸಾಲಿಯೊಳಗ ಓದ್ಯಾರ ಇವರು?”

*

ಮಾಳವ್ವನ ಹಟ್ಟಿ ಆ ವಾರ ಬಿಳೇಗೌಡರ ಹೊಲದಲ್ಲಿತ್ತು. ಗೊಬ್ಬರಕ್ಕೆಂದು ಗೌಡರು ಕುರಿ ತರುಬಿಸಿ ಹೊಲದಲ್ಲೇ ತಂಗಿಸಿಕೊಂಡಿದ್ದರು. ಆರುನೂರು ಕುರಿ, ಸಾಮಾನು ಹೊರುವ ಮೂರು ಗಿಡ್ಡ ಕುದುರೆ, ಕುರಿಮರಿಗಳಿಗೆ ಬಲೆಯ ಬೇಲಿ, ಸುತ್ತ ಏಳು ನಾಯಿ. ತಸ್ನೀಮರ ಜೀಪು ನಿಂತದ್ದೇ ಏಳೂ ನಾಯಿಗಳು ಏಳು ದಿಕ್ಕಿನಿಂದ ಎದ್ದವು. ಮಾಳವ್ವ ನಾಲಿಗೆಯಿಂದ ಒಂದು ಸದ್ದು ಮಾಡಿದಳು. ಅಷ್ಟಕ್ಕೇ ಎಲ್ಲವೂ ಕುಳಿತವು. ಅರವತ್ತರ ಸಮೀಪದ ಹೆಂಗಸು; ಹೆಗಲ ಮೇಲೆ ಕಂಬಳಿ, ಸೊಂಟದಲ್ಲಿ ಗೇಣುದ್ದದ ಕತ್ತಿ.

“ಬಾರವ್ವಾ ಡಾಕ್ಟರ್. ನನ್ನ ಬಾಳ್ಯಾನ್ನ ನುಣ್ಣಗ ಮಾಡಿ ಕಳಸಿದ್ದಿ. ನಿನಗ ಒಂದು ಟಗರು ಕೊಡಬೇಕಂತಿದ್ನಿ.”

“ಟಗರು ಬ್ಯಾಡ್ರಿ. ಕಿವಿ ಹೆಂಗ ಕೊಯ್ತೀರಿ ತೋರಿಸ್ರಿ.”

ಮಾಳವ್ವ ತಮ್ಮನ ಕಡೆ ನೋಡಿದಳು. ಅವನು ನೆಲ ನೋಡಿದ. ಅವಳು ಮುಚ್ಚುಮರೆಯಿಲ್ಲದೆ ಹೇಳಿದಳು. ಉದ್ದ ಕಿವಿಯಿದ್ದರೆ ತೋಳ ಹಿಡಿದು ಎಳೆಯುತ್ತದೆ; ಅದಕ್ಕೆ ಮರಿ ಒಂದು ತಿಂಗಳದ್ದಾದಾಗ ಕಿವಿಯ ತುದಿ ಕೊಯ್ಯುವುದು. ಆದರೆ ಈ ಹಟ್ಟಿಯ ರೀತಿ ಬೇರೆ ಹಟ್ಟಿಗಳದ್ದಲ್ಲ. ಮೊದಲು ಹಿರೇನಾಯಿಯ ಕಿವಿಗೆ ಕತ್ತಿ ತಾಗಿಸಿ ಒಂದು ಹನಿ ರಕ್ತ ತೆಗೆಯಬೇಕು. ಅದೇ ಕತ್ತಿಯಿಂದ, ನಡುವೆ ಒರೆಸದೆ, ಇಡೀ ಸೂಲಿನ ಮರಿಗಳ ಕಿವಿ ಕೊಯ್ಯಬೇಕು. ಎಲ್ಲ ಒಂದೇ ರಕ್ತವಾದರೆ ಮುಂದೆ ತಮ್ಮತಮ್ಮೊಳಗೆ ಕಚ್ಚಾಡುವುದಿಲ್ಲ ಎಂಬ ನಂಬಿಕೆ. ಬಾಳ್ಯಾ ತಿರುಗಿ ಬಂದಾಗ ಅವನನ್ನೇ ಹಿರೇನಾಯಿ ಮಾಡಿದ್ದಳು.

ತಸ್ನೀಮ್ ಹಣೆ ಹಿಡಿದುಕೊಂಡರು. ಉಣ್ಣಿಗೆ ಹಾಕಿದ ಬೀಗ ಸರಿಯಾಗಿಯೇ ಇತ್ತು. ಕತ್ತಿಗೆ ಬೀಗ ಹಾಕಬೇಕೆಂದು ಯಾವ ವಿಜ್ಞಾನಿಗೆ ಹೊಳೆದೀತು?

“ಆ ಸೂಲಿನ್ಯಾಗ ಐದು ಮರಿ ಇದ್ವು,” ಎಂದಳು ಮಾಳವ್ವ. “ಬಾಜೂ ಹಟ್ಟ್ಯಾಗ ಮರಿಗೋಳು ಕೆಂಪುಚ್ಚಿ ಹೊಯ್ದು ಸತ್ವು. ನನ್ನ ಐದೂ ಎದ್ದು ಆಡಾಕತ್ತಿದ್ವು. ಆ ಹಟ್ಟಿಯವರು ಬಂದು, ‘ಯಕ್ಕಾ, ನಿನ್ನ ಕತ್ತ್ಯಾಗ ಏನೋ ಐತಿ, ನಮ್ಮ ಮರಿಗೋಳ್ನೂ ಕೊಯ್’ ಅಂದ್ರು. ಕೊಯ್ದ್ನಿ.”

“ಎಷ್ಟು ಹಟ್ಟಿ?”

“ಒಂಬತ್ತು.”

“ಎಲ್ಲಕ್ಕೂ ಬಾಳ್ಯಾನ ರಕ್ತ?”

“ಅಂವ ಎಷ್ಟಂತ ತಿರಗ್ಯಾನು? ಅವನಿಂದ ಒಂದು ಮರಿಗೆ, ಆ ಮರಿಯಿಂದ ಮುಂದಿನ ಸೂಲಿಗೆ, ಅದರಿಂದ ಅದರ ಮುಂದಿನದಕ್ಕ. ಈಗ ಎಂಟನೇ ಕೈ ನಡದೈತಿ.”

ತಸ್ನೀಮ್ ಎದ್ದು ನಿಂತರು. ಅವರ ದನಿ ಏರಿತು. “ಏನು ಮಾಡೀರಿ ಗೊತ್ತೈತೇನು ನಿಮಗ? ಒಂದು ನಾಯಿಯಿಂದ ಇನ್ನೊಂದು ನಾಯಿಗೆ ರಕ್ತ ದಾಟಿಸಿದಂಗೆಲ್ಲಾ ಆ ಜೀವಿ ಬದಲಾಗತೈತಿ. ಬಿರುಸಾಗಿ ಬೆಳೆಯೋದು ಮುಂದ ಹೋಗತೈತಿ, ನಿಧಾನ ಬೆಳೆಯೋದು ಹಿಂದ ಉಳೀತೈತಿ. ಐದಾರು ಕೈ ದಾಟಿದ್ರ ಸಾಧು ಇದ್ದದ್ದು ಮತ್ತ ಹುಲಿ ಆಗತೈತಿ. ಎಲ್ಲಾ ಪುಸ್ತಕದಾಗೂ ಅದನ್ನ ಬರದಾರ!”

“ಪುಸ್ತಕದವರು ಯಾವ ನಾಯಿ ಆರಸ್ತಾರ?”

“ಅಂದ್ರ?”

“ರಕ್ತ ತಗಿಯಾಕ ಯಾವ ನಾಯಿ ಆರಸ್ತಾರ ಅಂತ ಕೇಳಿದ್ನಿ.”

ತಸ್ನೀಮ್ ಯೋಚಿಸಿದರು. ಪ್ರಯೋಗಾಲಯದಲ್ಲಿ ಜ್ವರ ಏರಿದ ನಾಯಿಯನ್ನೇ ಆರಿಸುತ್ತಾರೆ. ಅದರ ರಕ್ತದಲ್ಲಿ ಜೀವಿಗಳು ಗಿಜಿಗಿಜಿ ತುಂಬಿರುತ್ತವೆ, ಕೆಲಸ ಹಗುರ. ಅದನ್ನೇ ಹೇಳಿದರು.

ಮಾಳವ್ವ ನಕ್ಕಳು, ಕುದುರೆಗಳು ತಿರುಗಿ ನೋಡುವಷ್ಟು ಜೋರಾಗಿ. “ಜಡ್ಡು ಬಿದ್ದ ನಾಯಿ ರಕ್ತಾ ಯಾರು ಒಯ್ತಾರವ್ವಾ! ಕೊಯ್ದ ಮೂರನೇ ದಿನಕ್ಕ ಎಲ್ಲಾ ಮರಿಗೋಳಿಗೆ ಅಂಬಲಿ ಹಾಕ್ತೀನಿ. ಮೂಸಿ ಬಿಟ್ಟದ್ದು ಬ್ಯಾಡ. ತಟ್ಟಿ ನೆಕ್ಕಿ ಮತ್ತ ಬೇಡಾಕ ಬಂದದ್ದು ನನ್ನದು. ಆಮ್ಯಾಲ ಅದರ ವಸಡು ಎತ್ತಿ ನೋಡ್ತೀನಿ. ದಾಸಾಳ ಹೂವಿನಂಗ ಇರಬೇಕು. ಮತ್ತ ಒಂದು ತಿಂಗಳ ತಡೀತೀನಿ. ಅಷ್ಟಾದ ಮ್ಯಾಲ ಅದು ಮುಂದಿನ ಹಿರೇನಾಯಿ.”

ತಸ್ನೀಮ್ ಮತ್ತೆ ಕೂತರು. ನೆಲದ ಮೇಲೆಯೇ, ಹಿಕ್ಕೆಯ ನಡುವೆಯೇ ಕೂತರು. ಯಲಗೂರದಪ್ಪ ಅವರ ಮುಖವನ್ನು ಕಂಡ. ಲೆಕ್ಕ ತಪ್ಪಿದ್ದು ಹಲಗೆಯಲ್ಲೋ ತಲೆಯಲ್ಲೋ ಎಂದು ತಿಳಿಯದೆ ನಿಂತ ಮಾಸ್ತರರ ಮುಖದಂತಿತ್ತು ಅದು.

ಅವತ್ತಿನಿಂದ ನಾಲ್ಕು ದಿನ ಅವರು ಒಂಬತ್ತೂ ಹಟ್ಟಿಗಳನ್ನು ತಿರುಗಿದರು. ಯಲಗೂರದಪ್ಪ ನಾಯಿ ಹಿಡಿದ, ಬಾಯಿಯವರು ರಕ್ತ ತೆಗೆದರು. ಬಾಳ್ಯಾ ಬಂದ ಮೇಲೆ ಮಾಳವ್ವನ ಕತ್ತಿ ತಾಗಿದ ನಾಯಿಗಳು ಚಿಮಣಿಯೂ ಸೇರಿ ಅರವತ್ಮೂರು. ಅರವತ್ಮೂರರ ರಕ್ತದಲ್ಲೂ ಹಸಿರು ಚುಕ್ಕೆ. ಆ ವರ್ಷ ಉಣ್ಣಿ ವಿಪರೀತ ಇತ್ತು. ಆದರೂ ಅರವತ್ಮೂರರಲ್ಲಿ ಒಂದೂ ಕೆಂಪುಚ್ಚಿಯಿಂದ ಸತ್ತಿರಲಿಲ್ಲ. ಅದೇ ಹೊಲಗಳಲ್ಲಿ ತಂಗಿದ ಬೇರೆ ಹಟ್ಟಿಗಳ ನಲವತ್ತು ನಾಯಿಗಳಲ್ಲಿ ಹದಿನೇಳು ಸತ್ತಿದ್ದವು.

ಹೊರಡುವಾಗ ತಸ್ನೀಮ್ ಮಾಳವ್ವನ ಕೈಹಿಡಿದು ಒಂದು ಮಾತು ಕೇಳಿದರು. “ಸಮಿತಿ ಬರೋ ತನಕ ಕತ್ತಿ ಮುಟ್ಟಬ್ಯಾಡ್ರಿ. ನಾ ಪುರಾವೆ ಹಿಡಕೊಂಡು ನಿಂದ್ರತೀನಿ.”

“ಹೊಸಾ ಸೂಲು ಆಗೈತವ್ವಾ. ಒಂಬತ್ತು ಮರಿ. ಕಿವಿ ಕೊಯ್ಯೋ ದಿನಾ ತುಂಬಾಕ ಬಂದಾವು.”

“ನನ್ನ ಸಲುವಾಗಿ.”

ಮಾಳವ್ವ ಸೊಂಟದ ಕತ್ತಿಯ ಮೇಲೆ ಕೈಯಿಟ್ಟು, “ಆತು,” ಅಂದಳು. ಅವಳ ‘ಆತು’ ಕಲ್ಲಿನ ಮೇಲಿನ ಬರೆಹ ಎಂದು ತಮ್ಮನಿಗೆ ಗೊತ್ತಿತ್ತು.

*

ಮುಂದಿನ ಎರಡು ವಾರ ತಸ್ನೀಮ್ ಪ್ರಯೋಗಾಲಯ ಬಿಟ್ಟು ಅಲ್ಲಾಡಲಿಲ್ಲ. ತಾವು ಮಾಡಿದ ಮೂಲ ಜೀವಿಯನ್ನು ಒಂದು ಗಾಜಿನ ತಟ್ಟೆಯಲ್ಲಿ, ಎಂಟು ಕೈಗಳ ರಕ್ತವನ್ನು ಇನ್ನೆಂಟರಲ್ಲಿ ಬೆಳೆಸಲು ಇಟ್ಟರು. ಪುಸ್ತಕದ ಮಾತು ನಿಜವಾದರೆ ಎಂಟನೇ ಕೈಯದ್ದು ಎಲ್ಲಕ್ಕಿಂತ ಬೇಗ ತುಂಬಬೇಕು. ಅವರು ಒಳಗೊಳಗೆ ಅದಕ್ಕೇ ಹೆದರಿಕೊಂಡಿದ್ದರೆಂದು ಯಲಗೂರದಪ್ಪನಿಗೆ ಗೊತ್ತಾಗುತ್ತಿತ್ತು. ತಟ್ಟೆ ತೆರೆಯುವ ಮೊದಲು ಎರಡೆರಡು ಸಲ ಕೈ ತೊಳೆಯುತ್ತಿದ್ದರು.

ಒಂದು ಮಧ್ಯಾಹ್ನ ಉಣ್ಣಿಗಳಿಗೆ ಮೊಲ ಬದಲಿಸಿ ಹೊರಬರುತ್ತಿದ್ದವನನ್ನು ಅವರು ಕೂಗಿ ಕರೆದರು.

“ಯಲಗೂರದಪ್ಪ! ಬರ್ರಿ ಇಲ್ಲಿ! ಇದನ್ನ ಯಾರಿಗರ ತೋರಿಸದಿದ್ರ ನನಗ ಹುಚ್ಚು ಹಿಡೀತೈತಿ!”

ಮೊದಲ ತಟ್ಟೆ, ಅವರು ಮಾಡಿದ ಜೀವಿಯದ್ದು: ಒಂದು ಎರಡಾಗಲು ಅರವತ್ತು ಗಂಟೆ. ನಾಲ್ಕನೇ ಕೈಯದ್ದಕ್ಕೆ ಎಪ್ಪತ್ತು. ಎಂಟನೇ ಕೈಯದ್ದಕ್ಕೆ ತೊಂಬತ್ತು. ಹುಲಿಯಾಗಿರಲಿಲ್ಲ, ಇನ್ನೂ ಸಾಧುವಾಗಿತ್ತು.

“ಅಷ್ಟ ಅಲ್ಲ,” ಎಂದು ಅವರು ಗಣಕದ ಪರದೆಯ ಮೇಲಿನ ಅಕ್ಷರಗಳ ಸಾಲಿಗೆ ಬೆರಳಿಟ್ಟರು. “ಎಂಟನೇ ಕೈಯದರ ವಂಶವಾಹಿ ಎಲ್ಲಾ ಓದಿಸಿದ್ನಿ. ನಾ ಕತ್ತರಿಸಿದ್ದು ಎರಡು. ಇಲ್ಲಿ ಮೂರನೇದೊಂದು ತಾನ ಮುರದು ಬಿದ್ದೈತಿ. ಯಾವುದು ಗೊತ್ತೇನು? ಕಣದ ಬಾಗಲಾ ತಗಿಯೋ ಕೀಲಿ. ಅದು ಮುರದ್ರ ಹಳೇ ಮುದಿ ಕಣದಾಗ ಅಷ್ಟ ಹೊಕ್ಕೋತೈತಿ, ಹೊಸಾ ಕಣಾ ಮುಟ್ಟೂದಿಲ್ಲ. ಮುದಿ ಕಣಾ ಹೆಂಗೂ ಸಾಯೋವ. ನಾಯಿಗೆ ಏನೂ ನಷ್ಟಿಲ್ಲ! ನಾಲ್ಕು ವರ್ಷ ಆ ಕೀಲಿ ಮುರಿಯಾಕ ಹೊಡದಾಡಿದೆ ನಾ. ಮುರದಾಗೆಲ್ಲಾ ಜೀವಿನ ಸತ್ತು ಹೋಗತಿತ್ತು. ಸಾಯದಂಗ ಮುರಿಯೋದು ಹೆಂಗಂತ ತಿಳೀಲಿಲ್ಲ.”

“ನಮ್ಮಕ್ಕ ಮುರದಳೇನ್ರಿ?”

“ನಿಮ್ಮಕ್ಕ ಮುರೀಲಿಲ್ಲ. ಕೋಟಿ ಜೀವಿಯೊಳಗ ಯಾವುದೋ ಒಂದು ತಾನ ಮುರಕೊಂಡಿತ್ತು. ಆಕಿ ಅದನ್ನ ಆರಿಸಿದ್ಲು. ಅಂಬಲಿ ತಟ್ಟಿ ಇಟ್ಟು ಆರಿಸಿದ್ಲು!”

ಅವರು ನಗುತ್ತಿದ್ದರು. ಕಣ್ಣಲ್ಲಿ ನೀರಿತ್ತು. ಯಲಗೂರದಪ್ಪ ಅವರನ್ನೇ ನೋಡುತ್ತ ನಿಂತ. ತನ್ನ ಹನ್ನೊಂದು ವರ್ಷದ ಕೆಲಸವನ್ನು ಓದು ಬಾರದ ಕುರಿಗಾರ್ತಿ ಒಂದು ಮೆಟ್ಟಿಲು ಮೇಲೇರಿಸಿದಳೆಂದು ಎಷ್ಟು ಮಂದಿ ಹೀಗೆ ಖುಷಿಪಟ್ಟಾರು? ಹೊಟ್ಟೆಕಿಚ್ಚಿನಿಂದ ಸುಟ್ಟುಹೋಗುವವರನ್ನೇ ಅವನು ಆ ಕಟ್ಟಡದಲ್ಲಿ ಹೆಚ್ಚು ಕಂಡಿದ್ದ. ಮೊದಲ ದಿನ ತನ್ನನ್ನು ಕಳ್ಳ ಎಂದದ್ದನ್ನು ಅವನು ಆ ಕ್ಷಣಕ್ಕೆ ಪೂರ್ತಿ ಮರೆತುಬಿಟ್ಟ.

“ಹಂಗಾದ್ರ ನಾಯಿಗೋಳು ಉಳದ್ವು,” ಅಂದ.

“ಉಳೀಬೇಕು,” ಎಂದರು ತಸ್ನೀಮ್.

*

ಸಮಿತಿಯ ಅಧ್ಯಕ್ಷ ಡಾ. ಜಯದೇವ ಕಮತಗಿ ಕೆಟ್ಟ ಮನುಷ್ಯನಾಗಿರಲಿಲ್ಲ. ಎಲ್ಲ ಕಾಗದಗಳನ್ನೂ ಓದಿಕೊಂಡು ಬಂದಿದ್ದರು. ಜೊತೆಗಿದ್ದ ಇಬ್ಬರು ಸದಸ್ಯರು ಅವರು ತಲೆಯಾಡಿಸಿದಾಗ ತಲೆಯಾಡಿಸುತ್ತಿದ್ದರು. ಮೇಜಿನ ಈ ಕಡೆ ತಸ್ನೀಮ್, ಗೋಡೆಯ ಪಕ್ಕದ ಬೆಂಚಿನ ಮೇಲೆ ಯಲಗೂರದಪ್ಪ ಮತ್ತು ಸಾಕ್ಷಿ ಹೇಳಲು ಬಂದ ಮಾಳವ್ವ. ಬಾಗಿಲಲ್ಲಿ ಅವಳ ಕತ್ತಿಯನ್ನು ತೆಗೆದಿಡಿಸಿದ್ದರು. ಅದಕ್ಕೆ ಅವಳು ಕೈಯನ್ನು ಎಲ್ಲಿಡಬೇಕೆಂದು ತಿಳಿಯದೆ ಕಂಬಳಿಯ ತುದಿ ಹಿಡಿದು ಕುಳಿತಿದ್ದಳು.

“ನಿಮ್ಮ ಫಲಿತಾಂಶ ಅದ್ಭುತ, ಡಾಕ್ಟರ್,” ಎಂದರು ಕಮತಗಿ. “ಮನಸಾರೆ ಹೇಳ್ತಿದ್ದೇನೆ. ಆದರೆ ಒಂದು ಪ್ರಶ್ನೆ. ಇವತ್ತು ಸಾಧು. ಇಪ್ಪತ್ತನೇ ಕೈಯಲ್ಲಿ ಏನಾಗುತ್ತೆ, ಹೇಳ್ತೀರಾ?”

“ಹೇಳಾಕ ಆಗೂದಿಲ್ಲ.”

“ನೋಡಿ. ನಮಗೂ ಅದೇ ಭಯ. ಪರವಾನಗಿ ಕೊಟ್ಟದ್ದು ನಿಮ್ಮ ಜೀವಿಗೆ. ಇದು ಬೇರೆಯೇ ಜೀವಿ. ಇದಕ್ಕೆ ಪರವಾನಗಿಯೂ ಇಲ್ಲ, ಬೇಲಿಯೂ ಇಲ್ಲ.”

“ಅದಕ್ಕ ಕಾಯಬೇಕು ಅನ್ನಾಕತ್ತೀನಿ. ತಿಂಗಳಿಗೊಮ್ಮೆ ಎಲ್ಲಾ ನಾಯಿಗೋಳ ರಕ್ತಾ ನೋಡೋಣು. ಬಿರುಸಾದ ಕೈ ಕಂಡ್ರ ಅಲ್ಲೇ ತಡಿಯೋಣು. ಐದು ವರ್ಷ ಕೊಡ್ರಿ.”

“ಪರವಾನಗಿ ಇಲ್ಲದ ಜೀವಿಯ ಮೇಲೆ ಈ ಕೇಂದ್ರದ ಯಾರೂ ಕೆಲಸ ಮಾಡೋ ಹಾಗಿಲ್ಲ. ಮಾಡಿದರೆ ಇಡೀ ಕೇಂದ್ರಕ್ಕೆ ಬೀಗ. ನಿಯಮ ನನ್ನದಲ್ಲ.” ಅವರು ಒಂದು ಕಾಗದವನ್ನು ಮುಂದೆ ಸರಿಸಿದರು. “ಈ ಅರವತ್ಮೂರು ನಾಯಿಗಳಿಂದ ಅಪಾಯವಿದೆ ಅಂತ ಯೋಜನೆಯ ಮುಖ್ಯಸ್ಥರಾಗಿ ನೀವು ದೃಢೀಕರಿಸಬೇಕು. ಕೆಳಗೆ ರುಜು. ಮಿಕ್ಕದ್ದನ್ನು ಪಶುವೈದ್ಯರು ಮಾಡ್ತಾರೆ. ನೋವಾಗಲ್ಲ ಅವಕ್ಕೆ.”

“ನಾ ರುಜು ಹಾಕದಿದ್ರ?”

“ಹೊಸ ಮುಖ್ಯಸ್ಥರು ಬರಬೇಕು, ಎಲ್ಲ ಪರೀಕ್ಷೆ ಮೊದಲಿಂದ ಆಗಬೇಕು. ಆರು ತಿಂಗಳು. ಅಷ್ಟರಲ್ಲಿ ಈ ಜನ ಎಲ್ಲಿರ್ತಾರೋ, ನಾಯಿಗಳು ಎಲ್ಲಿರ್ತಾವೋ. ಹಾಗೆ ಮಾಡಬೇಡಿ. ನಿಮ್ಮ ಮುಂದೆ ದೊಡ್ಡ ಭವಿಷ್ಯ ಇದೆ. ಇದೇ ಕೀಲಿಯನ್ನು ಒಳಗೆ, ಬೀಗದೊಳಗೆ, ಮತ್ತೆ ಮುರೀರಿ. ಹತ್ತು ವರ್ಷದಲ್ಲಿ ದೇಶದ ಎಲ್ಲ ನಾಯಿಗಳಿಗೂ ಲಸಿಕೆ ಬರುತ್ತೆ.”

ಹತ್ತು ವರ್ಷ ಎಂಬ ಮಾತಿಗೆ ಮಾಳವ್ವ ತಲೆಯೆತ್ತಿದಳು.

“ಸಾಹೇಬರ, ಒಂದು ಮಾತು ಹೇಳಲೇನ್ರಿ?”

“ಹೇಳಮ್ಮಾ.”

“ಈ ಡಾಕ್ಟರ್ ಕತ್ತಿ ಮುಟ್ಟಬ್ಯಾಡ ಅಂದ್ಲು. ನಾ ಮುಟ್ಟಲಿಲ್ಲ. ಒಂಬತ್ತು ಮರಿ ಇದ್ವು. ಮೊನ್ನೆ ಒಂದಕ್ಕ ಕೆಂಪುಚ್ಚಿ ಸುರು ಆತು, ನಿನ್ನೆ ಸತ್ತಿತು. ಇವತ್ತ ಮುಂಜಾನೆ ಇನ್ನೊಂದು. ಇಲ್ಲಿ ನೀವು ಕಾಗದಾ ಓದೋದ್ರಾಗ ಮೂರನೇದು ಮಲಗಿರತೈತಿ.” ಅವಳ ದನಿಯಲ್ಲಿ ಬೇಡಿಕೆಯಿರಲಿಲ್ಲ, ಸಿಟ್ಟೂ ಇರಲಿಲ್ಲ. “ಮಾತು ಕೊಟ್ಟೀನಿ, ಮೀರೂದಿಲ್ಲ. ಎಷ್ಟು ದಿನಾ ಅಂತ ಹೇಳ್ರಿ. ಅಷ್ಟ ಕೇಳಾಕ ಬಂದೆ.”

ತಸ್ನೀಮ್ ತಿರುಗಿ ನೋಡಿದರು. ಮರಿಗಳು ಸತ್ತ ಸುದ್ದಿ ಅವರಿಗೆ ಗೊತ್ತಿರಲಿಲ್ಲ. ಯಲಗೂರದಪ್ಪನಿಗೆ ಗೊತ್ತಿತ್ತು, ಸಭೆಯ ಮೊದಲು ಹೇಳಿ ಅವರ ಮನಸ್ಸು ಕಲಕಬಾರದೆಂದು ನುಂಗಿಕೊಂಡಿದ್ದ. ಅವರ ಕಣ್ಣು ಅವನ ಕಣ್ಣಿಗೆ ತಾಗಿದಾಗ ಅವನಿಗೆ ಆ ಬೆಂಚಿನೊಳಗೆ ಇಳಿದುಹೋಗಬೇಕೆನ್ನಿಸಿತು.

“ನನ್ನ ಮಾತಿನಿಂದ ಸತ್ವು,” ಎಂದರು ತಸ್ನೀಮ್.

“ಉಣ್ಣಿ ಕಡದು ಸತ್ತವವ್ವಾ,” ಎಂದಳು ಮಾಳವ್ವ.

“ಅಲ್ಲ. ನನ್ನ ಮಾತಿನಿಂದ.” ಅವರು ಕಾಗದವನ್ನು ಕೈಗೆತ್ತಿಕೊಂಡು ಮೊದಲಿಂದ ಕೊನೆಯ ತನಕ ಓದಿದರು. ಆಮೇಲೆ ಮೇಜಿನ ಮೇಲೆ ಅದೇ ಜಾಗದಲ್ಲಿ, ಅದೇ ನೇರಕ್ಕೆ ಇಟ್ಟರು. “ಕಮತಗಿ ಸರ್, ಬಾಳ್ಯಾ ಶುದ್ಧ ಅಂತ ಬರದುಕೊಟ್ಟು ಒಮ್ಮೆ ತಪ್ಪಿದ್ನಿ. ಆವಾಗ ಗೊತ್ತಿರಲಿಲ್ಲ. ಈ ನಾಯಿಗೋಳಿಂದ ಅಪಾಯ ಐತಿ ಅಂತ ಬರದ್ರ ಗೊತ್ತಿದ್ದೂ ಸುಳ್ಳು ಬರದಂಗ. ಇಪ್ಪತ್ತನೇ ಕೈದು ನನಗ ಗೊತ್ತಿಲ್ಲ, ಖರೇ. ಗೊತ್ತಾಗಬೇಕಂದ್ರ ಯಾರರ ಅಲ್ಲಿ ಇರಬೇಕು.”

“ಕೇಂದ್ರದವರು ಇರೋ ಹಾಗಿಲ್ಲ ಅಂತ ಹೇಳಿದೆನಲ್ಲ.”

“ಕೇಂದ್ರದವರು ಇರಬಾರದು. ನಾ ಮೊದಲು ಪಶುವೈದ್ಯೆ. ಪಶುವೈದ್ಯರು ಯಾವ ನಾಯಿ ರಕ್ತಾನಾದ್ರೂ ನೋಡಬಹುದಲ್ಲ? ಅದಕ್ಕ ನಿಮ್ಮ ಪರವಾನಗಿ ಬೇಕಾಗಿಲ್ಲ.”

ಕಮತಗಿಯವರಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದಾಗ ಕನ್ನಡಕ ತೆಗೆದರು. “ಸಿಟ್ಟಿನಲ್ಲಿ ಕೆಲಸ ಬಿಡೋ ತೀರ್ಮಾನ ಮಾಡಬೇಡಿ. ಚಹಾ ಕುಡಿಯೋಣ. ಹತ್ತು ನಿಮಿಷ ಹೊರಗೆ ಗಾಳಿಗೆ ನಿಂತು ಬನ್ನಿ.”

ತಸ್ನೀಮ್ ಎದ್ದರು. ಬೆಂಚಿನ ಹತ್ತಿರ ಬಂದು ಮಾಳವ್ವನ ಎದುರು ನಿಂತರು.

“ಮಾತು ತಿರುಗಿ ತಗೊಂಡ್ನಿ. ನಡೀರಿ. ಇನ್ನೂ ಏಳು ಅದಾವು.”

“ಕತ್ತಿ ಬಾಗಲದಾಗ ಐತಿ,” ಎಂದಳು ಮಾಳವ್ವ ಏಳುತ್ತ.

“ಕತ್ತಿ ಬ್ಯಾಡ. ನಂಜು ಆಗತೈತಿ. ಕೇಂದ್ರದ ಜೀಪಿನ್ಯಾಗಿನವಲ್ಲ, ನನ್ನ ಚೀಲದಾಗ ಸೂಜಿ ಅದಾವು, ಸ್ವಂತದ್ದು. ಅಳತಿ ಮಾಡಿ ಒಂದೊಂದ ಹನಿ ಹಾಕೋಣು.”

“ಸೂಜಿ ನೀ ಹಿಡಿ. ನಾಯಿ ನಾ ಆರಸ್ತೀನಿ.”

“ಆತು.”

ಯಲಗೂರದಪ್ಪ ಎದ್ದು ನಿಂತ. ತಸ್ನೀಮ್ ಕೈ ಅಡ್ಡ ಹಿಡಿದರು. “ನೀವು ಬ್ಯಾಡ್ರಿ. ಆರು ಸಾವಿರ ಉಣ್ಣಿ ಒಳಗದಾವು. ನೀವು ಹೋದ್ರ ಯಾರು ಕಾಯ್ತಾರ?” ಆಮೇಲೆ ದನಿ ಇಳಿಸಿ, “ಅವತ್ತು ‘ನೀ’ ಅಂದ್ನಿ. ಮನಸಿನ್ಯಾಗ ಇಟ್ಕೋಬ್ಯಾಡ್ರಿ,” ಎಂದರು.

ಅವನು ಹೋಗಿ ಬಾಗಿಲು ತೆರೆದು ಹಿಡಿದ.

ಇಬ್ಬರೂ ಹೊರಗೆ ಹೋದರು. ಚಹಾ ಬಂತು. ಸದಸ್ಯರಿಬ್ಬರೂ ಕುಡಿದರು. ಕಮತಗಿ ಗಡಿಯಾರ ನೋಡಿದರು, ಲೇಖನಿಯ ಮುಚ್ಚಳ ತೆಗೆದರು, ಹಾಕಿದರು. ಹತ್ತು ನಿಮಿಷ ಇಪ್ಪತ್ತಾಯಿತು. ತಸ್ನೀಮರ ಬಟ್ಟಲಿನ ಮೇಲೆ ಕೆನೆ ಕಟ್ಟಿತು.

“ಎಲ್ಲಿ ನಿಂತಿದ್ದಾರೆ ನೋಡಿ ಬನ್ನಿ,” ಎಂದರು.

ಯಲಗೂರದಪ್ಪ ಪಡಸಾಲೆಗೆ ಹೋಗಿ ನಿಂತ. ದೂರದ ಕಾಲುವೆಯ ಏರಿಯ ಮೇಲೆ ಇಬ್ಬರು ಹೆಂಗಸರು ಒಬ್ಬರ ಹಿಂದೊಬ್ಬರು ಹೋಗುತ್ತಿದ್ದರು. ಮುಂದಿನವಳು ಕಂಬಳಿಯವಳು. ಹಿಂದಿನವರು ಚೀಲವನ್ನು ಒಂದು ಹೆಗಲಿನಿಂದ ಇನ್ನೊಂದಕ್ಕೆ ಬದಲಿಸಿಕೊಂಡರು. ಕುರಿಗಾರರ ನಡಿಗೆಗೆ ಹೆಜ್ಜೆ ಹಾಕುವುದು ಹಗುರಲ್ಲ. ನಡುನಡುವೆ ಓಡಿ ಸೇರಿಕೊಳ್ಳುತ್ತಿದ್ದರು. ಅವನು ಕೂಗಿದ್ದರೆ ಕೇಳಿಸುವಷ್ಟು ಹತ್ತಿರವೇ ಇದ್ದರು. ಅವನು ಕೂಗಲಿಲ್ಲ. ಅವರು ಏರಿ ಇಳಿದು ಜೋಳದ ಬೆಳೆಯಲ್ಲಿ ಕಾಣದಾಗುವ ತನಕ ನಿಂತು ನೋಡಿದ. ಆಮೇಲೆ ಒಳಗೆ ಬಂದ.

“ಬರ್ತಿದ್ದಾರಾ?” ಎಂದು ಕಮತಗಿ ಕೇಳಿದರು.

“ಇಲ್ರಿ.”

“ಎಲ್ಲಿ ಹೋದರು?”

“ಬಿಳೇಗೌಡ್ರ ಹೊಲಕ್ಕ,” ಅಂದ ಯಲಗೂರದಪ್ಪ. “ಏಳು ಮರಿಗೋಳು ಅದಾವಲ್ರಿ.”

ಕಮತಗಿ ಸಂಜೆಯ ತನಕ ಕಾದರು. ಅವರು ಬರಲಿಲ್ಲ.